ಒಣಹವಾ, ಪಾಲಿಯೆಸ್ಟರ್ ಸೀರಿ, ಮತ್ತ ಆ ಚಟ್ ಅನ್ನೋ ಕಿಡಿ

ಜನವರಿ ಬಂತಂದ್ರ ಪುಣೇದಾಗ ಬಾಗಲದ ಹಿಡಿಕಿ ಮುಟ್ಟಿದ್ರ ಚಟ್, ಕಾರು ಮುಟ್ಟಿದ್ರ ಚಟ್, ಜಾರ್ಜೆಟ್ ಸೀರಿ ಕಾಲಿಗೆ ಸುತ್ತಿಕೊಂಡು ನಡೀಲಿಕ್ಕ ಬಿಡೂದಿಲ್ಲ. ಅರಿವಿ ತಿಕ್ಕಿ ಹುಟ್ಟೋ ಸ್ಥಿರ ವಿದ್ಯುತ್ತಿನ, ಅಂದ್ರ ಸ್ಟ್ಯಾಟಿಕ್ ಚಾರ್ಜಿನ, ಆಟ ಇದು. ಅದಕ್ಕ ಈಗಿನ ಹುಡಿಗ್ಯಾರು ಮಾಡೋದೇನು? ಸೀರಿ ಮ್ಯಾಲ ಹೇರ್ ಸ್ಪ್ರೇ ಹೊಡಕೋತಾರ, ಅದೂ ದೇವರ ಮುಂದ ದೀಪ ಉರಿಯೂವಾಗ. ಬೆಂಕಿ ಹತ್ತೋ ವಸ್ತು ಅಂತ ಡಬ್ಬಿ ಮ್ಯಾಲೇ ಬರದಿರ್ತದ, ಸ್ವಲ್ಪ ಓದ್ರೆವಾ.

ಮುಂಬೈದಾಗ ಇದು ಅಷ್ಟು ಕಾಡೂದಿಲ್ಲ. ಸಮುದ್ರದ ಹವಾದಾಗ ಪಸಿ ಇರ್ತದ, ತಿಕ್ಕಿ ಹುಟ್ಟಿದ ಚಾರ್ಜು ಅದರ ಗುಂಟ ಇಳದು ಹೋಗ್ತದ. ಪುಣೇದಾಗ ಏಪ್ರಿಲ್‌ತನಕ ಮಧ್ಯಾಹ್ನದ ಹವಾ ಒಣಾ. ಅದರಾಗ ಪಾಲಿಯೆಸ್ಟರ್ ಸೀರಿ, ಒಳಗ ಮೈಗೆ ಬಿಗಿ ಕೂಡೋ ನೈಲಾನ್ ಶೇಪ್‌ವೇರ್, ಕೂಡ್ಲಿಕ್ಕ ಪ್ಲಾಸ್ಟಿಕ್ ಕುರ್ಚಿ, ಕಾಲಾಗ ರಬ್ಬರ್ ಚಪ್ಪಲಿ. ಚಾರ್ಜು ಹೋಗೋದಾದ್ರೂ ಎಲ್ಲಿಗೆ? ಇಳಕಲ್ ಸೀರಿ, ಹತ್ತಿ ಪರಕರ ಉಟ್ಟು ಶಹಾಬಾದ್ ಫರಶಿ ಮ್ಯಾಲ ಬರಿಗಾಲಿಲೆ ಓಡಾಡೋ ಕಾಲದಾಗ ಈ ಕಾಟ ಗೊತ್ತೇ ಇರ್ಲಿಲ್ಲ.

ಸೀರಿಗೆ ಖರೇ ಉಪಾಯ ಕಡೀ ನೀರಿನಾಗ ಅದ. ಸಾಬೂನು ಪೂರ್ತಿ ಹೋಗೂತನಕ ಜಾಲಾಡಿಸ್ರಿ. ಸಾಬೂನು ಉಳದ್ರ ಮುಂದಿನದು ಕೆಲಸ ಮಾಡೂದಿಲ್ಲ. ಆಮ್ಯಾಲ ಬ್ಯಾರೆ ಬಕೀಟಿನಾಗ ಸೀರಿ ಮುಳುಗೂವಷ್ಟು ನೀರು, ಅದಕ್ಕ ಅರಿವಿ ಮೆತ್ತಗ ಮಾಡೋ ಫ್ಯಾಬ್ರಿಕ್ ಕಂಡಿಷನರ್ ಅರ್ಧ ಮುಚ್ಚಳಕ್ಕಿಂತ ಕಡಿಮಿ. ಮೊದಲ ನೀರಾಗ ಕೈಯಾಡಿಸಿ ಕಲಸ್ರಿ, ನಂತರ ಸೀರಿ ಬಿಡ್ರಿ. ಸೀರಿ ಮ್ಯಾಲೇ ಸುರೀತೀರಲ್ಲ, ಅದಕ್ಕೇ ಎಣ್ಣಿ ಬಿದ್ದಂಗ ಕಲಿ ಕೂಡ್ತಾವ. ಒಂದೈದು ನಿಮಿಷ ಬಿಟ್ಟು, ಹಿಂಡದ ಎತ್ತಿ, ನೆರಳಾಗ ಹಾಕ್ರಿ. ಮತ್ತ ಜಾಲಾಡಿಸಬ್ಯಾಡ್ರಿ, ನೂಲಿನ ಮ್ಯಾಲ ಉಳದ ಆ ತೆಳು ಪದರೇ ಹವಾದಾಗಿನ ಪಸಿ ಹಿಡಕೊಂಡು ಚಾರ್ಜು ಇಳಿಸೋದು. ಗಚ್ಚಿ ಮ್ಯಾಲ ಬಿಸಲಾಗ ಗರಿಗರಿ ಆಗೂತನಕ ಬಿಡೋದು ಶುದ್ಧ ತಪ್ಪು. ಅಂಚು ಕೈಗೆ ಇನ್ನೂ ತಂಪ ಹತ್ತೂವಾಗ ತಗದು, ಉಲ್ಟಾ ಮಾಡಿ, ಕಡಿಮಿ ಕಾವಿನಾಗ ಇಸ್ತ್ರಿ ಮಾಡ್ರಿ. ಹತ್ತಿ ಪರಕರ ಉಡ್ರಿ, ಕಾಲಿಗೆ ಎರಡು ಹನಿ ಕೊಬ್ರಿ ಎಣ್ಣಿ ಸವರ್ರಿ. ಹೊರಗ ಹೋದಾಗ ಸೀರಿ ಅಂಟಿದ್ರ ಒದ್ದಿ ಕೈ ಪರಕರದ ಮ್ಯಾಲ ಆಡಿಸಿದ್ರ ಸಾಕು.

ಅಂದಂಗ, ಟಾವೆಲ್‌ಗೆ ಮಾತ್ರ ಕಂಡಿಷನರ್ ಹಾಕಬ್ಯಾಡ್ರಿ. ನೀರು ಹೀರೂದೇ ಬಿಟ್ಟುಬಿಡ್ತಾವ.

ಈಗ ಸಿಟ್ಟು ಬರೋ ಮಾತಿಗೆ ಬರ್ತೀನಿ. ಡ್ರೈಕ್ಲೀನಿಂಗ್ ರೊಕ್ಕ ಉಳಿಸಲಿಕ್ಕ ಬಚ್ಚಲದಾಗ ಬಾಗಲಾ ಹಾಕ್ಕೊಂಡು ಪೆಟ್ರೋಲ್ ವಾಶ್ ಮಾಡೋರು ಇನ್ನೂ ಇದ್ದಾರ. ಕೈಗೆ ಚಟ್ ಅಂತ ತಿಳೀಬೇಕಂದ್ರ ಮೈಮ್ಯಾಲ ಸುಮಾರು 3,000 ವೋಲ್ಟ್ ಕೂಡಿರ್ತದ. ಆ ಕಿಡಿ ನಿಮಗ ಏನೂ ಮಾಡೂದಿಲ್ಲ, ಪೆಟ್ರೋಲ್ ಆವಿ ಹೊತ್ತಿಸಲಿಕ್ಕ ಧಾರಾಳ ಸಾಕು. ಪೆಟ್ರೋಲಿನಾಗ ಅರಿವಿ ತಿಕ್ಕೂದ್ರಿಂದನೇ ಚಾರ್ಜು ಹುಟ್ತದ. ಆವಿ ಹವಾಕ್ಕಿಂತ ಭಾರ, ನೆಲದ ಗುಂಟ ಹರದು ಗ್ಯಾಸ್ ಗೀಜರಿನ ಉರಿತನಕ ಹೋಗ್ತದ. ಕಿಡಕಿ ತಗದು ಮಾಡ್ತೀವಿ ಅನ್ನಬ್ಯಾಡ್ರಿ. ಯಾವ ಸೀರಿಗೂ ಮನ್ಯಾಗ ಪೆಟ್ರೋಲ್ ಬ್ಯಾಡ, ಅಂಗಡಿಗೆ ಕೊಡ್ರಿ.

ಅಡಗೀಮನ್ಯಾಗ ಗ್ಯಾಸ್ ವಾಸನಿ ಬಂದ್ರ ಸ್ವಿಚ್ ಮುಟ್ಟಬಾರದು ಅಂತ ಎಲ್ಲಾರಿಗೂ ಗೊತ್ತು. ಅಲ್ಲೇ ನಿಂತು ನೈಲಾನ್ ಸ್ವೆಟರ್ ತಲಿ ಮ್ಯಾಲಿಂದ ಕಳೀಲೂಬಾರದು. ರೆಗ್ಯುಲೇಟರ್ ಬಂದ್ ಮಾಡಿ, ಕಿಡಕಿ ತಗದು ಹೊರಗ ನಡೀರಿ.

ಕಾರಿನಿಂದ ಇಳಿಯೂವಾಗ ಸೀಟಿನಿಂದ ಸರಿಯೂ ಮೊದಲೇ ಬಾಗಲದ ಚೌಕಟ್ಟಿನ ಲೋಹ ಹಿಡೀರಿ, ಎರಡೂ ಕಾಲು ನೆಲಕ್ಕ ಮುಟ್ಟೂತನಕ ಬಿಡಬ್ಯಾಡ್ರಿ. ಬಣ್ಣ ಬಳದಿದ್ದಕ್ಕಿಂತ ಬರೀ ಲೋಹ ಛಲೋ. ಇಳದ ಮ್ಯಾಲ ಮುಟ್ಟಿದ್ರ ಚಟ್ ಅಂತದ, ಹಿಡಕೊಂಡೇ ಇಳದ್ರ ಅನ್ನೂದಿಲ್ಲ. ಪೆಟ್ರೋಲ್ ಪಂಪಿನಾಗಂತೂ ಇದನ್ನ ಬಿಡಲೇಬಾರದು. ತುಂಬಿಸೂವಾಗ ನಡುವ ಒಳಗ ಹೋಗಿ ಕೂತು ಮತ್ತ ಹೊರಗ ಬಂದು ಟಾಕಿ ಹತ್ರ ಕೈ ಹಾಕಬ್ಯಾಡ್ರಿ. ಕ್ಯಾನಿಗೆ ತುಂಬಿಸೋದಿದ್ರ ಇಂಧನಕ್ಕಂತನೇ ಮಾಡಿದ ಕ್ಯಾನು ಇರ್ಲಿ, ಅದನ್ನ ಡಿಕ್ಕಿಯೊಳಗಿಂದ ಇಳಿಸಿ ನೆಲದ ಮ್ಯಾಲ ಇಡ್ರಿ, ನಳಿಗಿ ಕ್ಯಾನಿನ ಬಾಯಿಗೆ ಹತ್ತಿಕೊಂಡೇ ಇರ್ಲಿ.