ಮಣ್ಣಿನ ಮೈದಾನದಿಂದ ಸಿಂಥೆಟಿಕ್ ಟ್ರ್ಯಾಕಿಗೆ: ಬ್ಲಾಕ್ ಹೊಂದಿಸುವ ಬಗೆ

ವಿಜಯಪುರದ ಮಣ್ಣಿನಲ್ಲಿ ಓಡಿ ಬೆಳೆದ ಹುಡುಗಿ ಜೂನಿಯರ್ ಅಂತರರಾಷ್ಟ್ರೀಯ ಕೂಟಕ್ಕೆ ಹೊರಟಳೆಂದರೆ, ನಾನು ಮೊದಲು ಕೈ ಹಾಕುವುದು ಅವಳ ಸ್ಟಾರ್ಟಿಂಗ್ ಬ್ಲಾಕಿಗೆ, ಅಂದರೆ ಓಟ ಶುರುವಾಗುವಾಗ ಕಾಲೂರಿ ಒದೆಯುವ ಸಾಧನಕ್ಕೆ.

ಆರಂಭದ ಗೆರೆಯಿಂದ ಎರಡು ಪಾದದಳತೆ ಹಿಂದೆ ಮುಂದಿನ ಪೆಡಲ್ (ಪಾದ ಊರುವ ಹಲಗೆ), ಮೂರು ಪಾದದಳತೆಗೆ ಹಿಂದಿನದು. ಇದು ಆರಂಭಕ್ಕಷ್ಟೇ; ಕಾಲುದ್ದದವರು ತುಸು ಹಿಂದೆ ಸರಿಸಿಕೊಳ್ಳಲಿ. ಮೈಗೊಗ್ಗಿದ ಅಳತೆಯನ್ನು ಟೇಪು ಹಿಡಿದು ಸೆಂಟಿಮೀಟರಿನಲ್ಲಿ ಬರೆದಿಡಿ. ಕೂಟದಲ್ಲಿ ಕೊಡುವ ಬ್ಲಾಕ್ ಬೇರೆ, ಪಾದ ಅಳೆಯುತ್ತಾ ಕೂರಲು ಸಮಯವೂ ಇರುವುದಿಲ್ಲ. ಇಲ್ಲಿ ಸುತ್ತಿಗೆಯಿಂದ ಮೊಳೆ ಹೊಡೆದು ನಿಲ್ಲಿಸುತ್ತೇವೆ. ಅಲ್ಲಿ ಬ್ಲಾಕಿನಡಿಯ ಪುಟ್ಟ ಮುಳ್ಳುಗಳನ್ನು ತುಳಿದು ಕೂರಿಸಬೇಕು.

‘ಸೆಟ್’ ಎಂದಾಗ ಸೊಂಟ ಭುಜಕ್ಕಿಂತ ಕೊಂಚ ಮೇಲೆ, ಮುಂದಿನ ಮೊಣಕಾಲು ಸುಮಾರು 90 ಡಿಗ್ರಿ. ಕತ್ತೆತ್ತಿ ಗುರಿ ನೋಡುವ ಚಟ ಬಿಡಿಸಿ. ಫೋಟೊಕ್ಕೆ ಚೆಂದ, ಓಟಕ್ಕೆ ದಂಡ.

ಸದ್ದಾದ ಮೇಲೆ 0.100 ಸೆಕೆಂಡಿನೊಳಗೆ ಒದ್ದರೂ ಅದು ಫಾಲ್ಸ್ ಸ್ಟಾರ್ಟ್. ಒಂದೇ ಸಲಕ್ಕೆ ಹೊರಗೆ. ಆದ್ದರಿಂದ ಅಭ್ಯಾಸದಲ್ಲಿ ಚಪ್ಪಾಳೆಯನ್ನು ಒಮ್ಮೆ ಬೇಗ, ಒಮ್ಮೆ ತಡವಾಗಿ ತಟ್ಟಿ. ಲಯ ಹಿಡಿದು ಹಾರುವ ಜಾಣೆಯರು ಅಲ್ಲೇ ಸಿಕ್ಕಿಬೀಳುತ್ತಾರೆ.

ಮಣ್ಣಿಗೆಂದು ಬೂಟಿನಡಿ ಹಾಕಿದ ಉದ್ದ ಸ್ಪೈಕ್ ಮೊಳೆ ಬಿಚ್ಚಿಬಿಡಿ. ಸಿಂಥೆಟಿಕ್ ಓಟಕ್ಕೆ 9 ಮಿಲಿಮೀಟರ್ ಮೀರುವಂತಿಲ್ಲ. ಮೊಳೆ ತಿರುಗಿಸುವ ಕೀಲಿ ಚೀಲದಲ್ಲಿರಲಿ.

ಇನ್ನು ಕಾಗದಪತ್ರ. 20 ವರ್ಷದೊಳಗಿನ ವಿಭಾಗಕ್ಕೆ ಆ ವರ್ಷದ ಡಿಸೆಂಬರ್ 31ಕ್ಕೆ 20 ತುಂಬಿರಬಾರದು. ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್ ಎರಡರಲ್ಲೂ ಹೆಸರು, ತಾರೀಖು ಒಂದೇ ಇವೆಯೇ ನೋಡಿ. ನೆಗಡಿಯಾದರೆ ಅಂಗಡಿಯ ಗುಳಿಗೆ ನುಂಗಿಸಬೇಡಿ. ಕ್ರೀಡೆಯಲ್ಲಿ ನಿಷೇಧಿಸಿದ ಮದ್ದುಗಳ ಪಟ್ಟಿ ಬಲ್ಲ ವೈದ್ಯರನ್ನು ಕೇಳಿ. ಶೇಂಗಾ ಹಿಂಡಿ (ಚಟ್ನಿಪುಡಿ) ಡಬ್ಬಿಗೆ ನನ್ನ ತಕರಾರಿಲ್ಲ.