ಚಳಿ ಹಿಮವನ್ನು ಗಟ್ಟಿಮಾಡುತ್ತದೆ ಎಂದು ನಂಬಿದ್ದೆ

ಕೊರೆಯುವ ಚಳಿ ಹಿಡಿದ ಮೇಲೆ ಹಿಮ ಕಲ್ಲಿನಂತೆ ಬಿಗಿದುಕೊಳ್ಳುತ್ತದೆ, ಆಮೇಲೆ ಕುಸಿಯುವ ಭಯವಿಲ್ಲ ಎಂದು ಬಹಳ ಕಾಲ ನಂಬಿದ್ದೆ. ಆ ನಂಬಿಕೆ ಬಿಟ್ಟುಹೋದದ್ದು ಮೈನಸ್ 27 ಡಿಗ್ರಿಯ ಒಂದು ಬೆಳಿಗ್ಗೆ.

ನಾವು ಮೂವರು ಸ್ಕೀ ಮೇಲೆ ಮರಗಳ ಸಾಲು ದಾಟಿ ಬಯಲಿಗೆ ಬಂದಿದ್ದೆವು. ಆಕಾಶ ತಿಳಿಯಾಗಿತ್ತು, ವಾರದಿಂದ ಹೊಸ ಹಿಮ ಬಿದ್ದಿರಲಿಲ್ಲ. ಸಮತಟ್ಟು ಜಾಗದಲ್ಲಿ ಹೆಜ್ಜೆ ಇಟ್ಟೆ. ಅಡಿಯಿಂದ ‘ಧುಂ’ ಎಂದು ಮಂದವಾದ ಸದ್ದು ಬಂತು, ಸುತ್ತಲ ಹಿಮವೆಲ್ಲ ಒಮ್ಮೆಗೇ ಕೊಂಚ ಕುಗ್ಗಿತು. ಒಳಗೆ ದುರ್ಬಲ ಪದರ ಮುರಿದಾಗ ಬರುವ ಸದ್ದು ಅದು.

ಹತ್ತಿರದ ಚಿಕ್ಕ, ಅಪಾಯವಿಲ್ಲದ ದಿಣ್ಣೆಯಲ್ಲಿ ಗುಂಡಿ ತೋಡಿದೆವು. ಹಿಮ ಇದ್ದದ್ದು 70 ಸೆಂಟಿಮೀಟರ್ ಮಾತ್ರ. ಮೇಲೆ ಗಾಳಿ ಬಡಿದು ಹಲಗೆಯಂತೆ ಗಟ್ಟಿಯಾದ ಪದರ; ತಳದಲ್ಲಿ ಕೈಯಲ್ಲಿ ಹಿಡಿದರೆ ಸಕ್ಕರೆಯಂತೆ ಸುರಿದುಹೋಗುವ ಹರಳು. ನೆಲಕ್ಕೆ ತಾಗಿದ ಹಿಮ ಸುಮಾರು 0 ಡಿಗ್ರಿಯಲ್ಲಿರುತ್ತದೆ. 10 ಸೆಂಟಿಮೀಟರ್‌ಗೆ 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಾದರೆ ಒಳಗಿನ ಆವಿ ಮೇಲೇರುತ್ತಾ ಹರಳುಗಳ ಬೆಸುಗೆ ಸಡಿಲಿಸುತ್ತದೆ. ಅಲ್ಲಿ ಆ ವ್ಯತ್ಯಾಸ 4 ಡಿಗ್ರಿಯ ಹತ್ತಿರವಿತ್ತು. ಗಟ್ಟಿಮಾಡುತ್ತದೆ ಎಂದುಕೊಂಡಿದ್ದ ಚಳಿಯೇ ಬುಡವನ್ನು ಟೊಳ್ಳು ಮಾಡಿತ್ತು.

ಆ ಪದರ ಎಷ್ಟು ತಡೆಯುತ್ತದೆ ಎಂದು ನೋಡಲು 30 ಸೆಂಟಿಮೀಟರ್ ಚೌಕದ ಹಿಮದ ಕಂಬ ಕತ್ತರಿಸಿ ಮೇಲೆ ಸಲಿಕೆ ಇಟ್ಟು ತಟ್ಟಿದೆ. ಮಣಿಕಟ್ಟಿನಿಂದ ಹತ್ತು ಏಟು ತಡೆಯಿತು. ಮೊಣಕೈಯಿಂದ ಎರಡನೆಯ ಏಟಿಗೆ ಇಡೀ ತುಂಡು ಮುಂದಕ್ಕೆ ಜಾರಿತು. ನಾವು ಏರಬೇಕಿದ್ದ ಇಳಿಜಾರು 36 ಡಿಗ್ರಿ. ಹಿಮಕುಸಿತಗಳು ಹೆಚ್ಚಾಗಿ ಆಗುವುದೇ 30ರಿಂದ 45 ಡಿಗ್ರಿಯೊಳಗೆ.

ನಿಜ ಹೇಳಬೇಕೆಂದರೆ, ಆ ಗುಂಡಿ ತೋಡುವುದೇ ಬೇಡ ಅನ್ನಿಸಿತ್ತು. ಬೆರಳು ಮರಗಟ್ಟಿದಾಗ ಮನಸ್ಸು ‘ಸಾಕು, ನಡಿ’ ಎನ್ನುತ್ತದೆ. ಚಳಿಯಲ್ಲಿ ನನಗೆ ಅತಿ ಭಯ ಹುಟ್ಟಿಸುವುದು ಈ ಅವಸರ. ಅದಕ್ಕೇ ಈಗ ಬೆವರದಷ್ಟು ನಿಧಾನವಾಗಿ ಏರುತ್ತೇನೆ, ನಿಂತ ಕೂಡಲೇ, ಚಳಿಯಾಗುವ ಮುಂಚೆಯೇ ದಪ್ಪ ಜಾಕೆಟ್ ಹಾಕುತ್ತೇನೆ. ಹೊರಗಿನ ಕೈಗವಸು ತೆಗೆದರೂ ಒಳಗಿನ ತೆಳು ಗವಸು ತೆಗೆಯುವುದಿಲ್ಲ. ಹಿಮದಡಿ ಹೂತರೆ ಎಲ್ಲಿದ್ದೇವೆಂದು ಸಂಕೇತ ಕಳಿಸುವ ಬೀಕನ್‌ಗೆ ಹೊಸ ಬ್ಯಾಟರಿ ಹಾಕಿ ಒಳ ಉಡುಪಿಗೆ ಒತ್ತಿ ಕಟ್ಟಿಕೊಳ್ಳುತ್ತೇನೆ. ಸಂಕೇತ ಕೆಡದಂತೆ ಫೋನನ್ನು ಅದರಿಂದ ಕನಿಷ್ಠ 20 ಸೆಂಟಿಮೀಟರ್ ದೂರ ಇಡುತ್ತೇನೆ. ಹೂತವರನ್ನು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಹೊರತೆಗೆಯದಿದ್ದರೆ ಬದುಕುವ ಸಾಧ್ಯತೆ ಬೇಗಬೇಗ ಕುಸಿಯುತ್ತದೆ. ಮರಗಟ್ಟಿದ ಕೈಯಲ್ಲಿ ಆ ಕೆಲಸ ಆಗುವುದಿಲ್ಲ.

ನಾವು ಅಲ್ಲಿಂದಲೇ ಹಿಂತಿರುಗಿದೆವು. ಇಂಥ ಪದರವಿದ್ದಾಗ ಬುಡದಲ್ಲಿ ನಡೆದರೂ ಮೇಲಿನ ಇಳಿಜಾರು ಕಳಚಬಹುದು, ಆದ್ದರಿಂದ ಅದರಡಿ ಹೋಗದೆ, ಬಂದ ದಾರಿ ಬಿಟ್ಟು ಕಡಿಮೆ ಇಳುಕಲಿನ ಏಣು ಹಿಡಿದೆವು. ಅರ್ಧ ದಾರಿಯಲ್ಲಿ ಗೆಳೆಯನ ಕೆನ್ನೆಯ ಮೇಲೆ ಚಳಿ ಕಚ್ಚಿದ ಬಿಳಿ ಮಚ್ಚೆ ಕಂಡಿತು. ಉಜ್ಜಬೇಡ ಎಂದು ಹೇಳಿ ನನ್ನ ಬೆಚ್ಚನೆಯ ಅಂಗೈ ಒತ್ತಿ ಹಿಡಿದೆ. ಕೆಂಪು ಮರಳಿ ಬರುವ ತನಕ ಮೂವರೂ ಅಲ್ಲೇ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದೆವು.