ಮಂಡಿಯ ಲೆಕ್ಕ

ವಾಲಿಬಾಲ್ ಆಟದಲ್ಲಿ ಹಾರಿ ಸ್ಪೈಕ್ ಹೊಡೆದು ಇಳಿಯುವಾಗ ಎಡಗಾಲೊಂದೇ ನೆಲಕ್ಕೆ ತಾಗಿತು. ಮಂಡಿ ಒಳಗೆ ವಾಲಿತು, ‘ಟಪ್’ ಅಂತ ಸದ್ದಾಯಿತು. ನೋವು ಬಂದದ್ದು ಆಮೇಲೆ. ಎರಡು ಗಂಟೆಯೊಳಗೆ ಊದಿಕೊಂಡು ಮಂಡಿಚಿಪ್ಪು ಎಲ್ಲಿದೆ ಅಂತಲೇ ತಿಳಿಯದಂತಾಯಿತು. ಎಂಆರ್‌ಐ ಮಾಡಿಸಿದರೆ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಪೂರ್ತಿ ಹರಿದಿತ್ತು. ಅದೇ ವಾರ ಗಣಿತದ ಫಲಿತಾಂಶವೂ ಬಂತು, ಎರಡನೇ ಸಲ ಫೇಲ್. ನಿಜ ಹೇಳಬೇಕೆಂದರೆ ಒಳಗೊಳಗೇ ಸಮಾಧಾನವಾಯಿತು. ಎಲ್ಲರೂ ಕಾಲಿನ ಬಗ್ಗೆ ಕೇಳುತ್ತಿದ್ದರು, ಮಾರ್ಕ್ಸ್ ಬಗ್ಗೆ ಯಾರೂ ಕೇಳಲಿಲ್ಲ.

ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಹೊಸ ಲಿಗಮೆಂಟ್ ಕಟ್ಟಿದರು. ಆಪರೇಷನ್ ಆದ ಮೇಲಿನ ಮೊದಲ ಕಸರತ್ತು ಹೇಳಿದರೆ ನಗುತ್ತೀರಿ: ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್, ಅದನ್ನು ಒತ್ತಿ ಐದು ಎಣಿಸಬೇಕು. ನನ್ನಿಂದಾಗಲಿಲ್ಲ. ನಾನು ಹೇಳುತ್ತಿದ್ದೇನೆ, ತೊಡೆ ಕೇಳುತ್ತಿಲ್ಲ. ಊತವಿದ್ದಾಗ ಸ್ನಾಯು ತಾನಾಗಿಯೇ ಮುಷ್ಕರ ಹೂಡುತ್ತದೆ.

ಫಿಸಿಯೋ ‘ಹೇಗಿದೆ?’ ಅಂತ ಕೇಳುತ್ತಿರಲಿಲ್ಲ. ಕೋನ ಅಳೆಯುವ ಗೋನಿಯೋಮೀಟರ್ ಹಿಡಿದು ಮಂಡಿ ಎಷ್ಟು ಡಿಗ್ರಿ ಮಡಚುತ್ತದೆಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು: 62, 70, 71, ಮತ್ತೆ 68. ‘ನಿನ್ನೆಗಿಂತ ಚೆನ್ನಾಗಿದೆ ಅನ್ನಿಸ್ತಿದೆ’ ಅಂದೆ ಒಂದು ದಿನ. ‘ಅನ್ನಿಸೋದು ಇರಲಿ, ಅಳೆಯೋಣ’ ಅಂದರು.

ನಾನೂ ಒಂದು ನೋಟ್‌ಬುಕ್ ಇಟ್ಟೆ, ಗಣಿತಕ್ಕೆ. ಅಲ್ಲಿಯವರೆಗೆ ನನ್ನ ಓದೆಂದರೆ ಬಿಡಿಸಿಟ್ಟ ಲೆಕ್ಕ ನೋಡಿ ತಲೆಯಾಡಿಸುವುದು. ಬೆಂಚಿನಲ್ಲಿ ಕೂತು ಮ್ಯಾಚ್ ನೋಡಿ ಆಡಿಬಂದೆ ಅಂದುಕೊಂಡ ಹಾಗೆ. ಈಗ ಪುಸ್ತಕ ಮುಚ್ಚಿ ದಿನಕ್ಕೆ ಹತ್ತು ಲೆಕ್ಕ, ಎಡವಿದ ಸಾಲಿನ ಪಕ್ಕ ಕೆಂಪು ಚುಕ್ಕೆ. ಮೊದಲ ದಿನ ಸರಿಯಾದದ್ದು 2. ವಾರದ ಚುಕ್ಕೆಗಳನ್ನು ಒಟ್ಟಿಗೆ ನೋಡಿದಾಗ ನನ್ನ ಮೇಲೇ ಸಿಟ್ಟು ಬಂತು. ಇಂಟಿಗ್ರೇಷನ್ ತಲೆಗೆ ಹತ್ತಲ್ಲ ಅಂತ ಎರಡು ವರ್ಷ ಹೇಳಿಕೊಂಡು ತಿರುಗಿದ್ದೆ. ಎಡವಿದ್ದು ಬಹುಪಾಲು ಭಿನ್ನರಾಶಿಯಲ್ಲಿ, ಮೈನಸ್ ಚಿಹ್ನೆಯಲ್ಲಿ! ಹೈಸ್ಕೂಲ್ ಪುಸ್ತಕ ತೆಗೆದೆ. ಟವೆಲ್ ಒತ್ತಿದವನಿಗೆ ಇದರಲ್ಲೇನು ನಾಚಿಕೆ. ತಪ್ಪಿದ ಲೆಕ್ಕವನ್ನು ಎರಡು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಮಾಡಿದೆ. ಪರೀಕ್ಷೆಯ ಮೂರನೇ ಯತ್ನದಲ್ಲಿ 58 ಮಾರ್ಕ್ಸ್ ಬಂತು.

ಆಪರೇಷನ್ ಆದ ಮೂರನೇ ತಿಂಗಳಿಗೆ ನೋವೇ ಇರಲ್ಲ, ಕುಣಿಯೋಣ ಅನ್ನಿಸುತ್ತದೆ. ಮೋಸ ಹೋಗುವುದು ಅಲ್ಲೇ, ಒಳಗೆ ಗ್ರಾಫ್ಟ್, ಅಂದರೆ ಕಟ್ಟಿದ ಹೊಸ ಲಿಗಮೆಂಟ್, ಇನ್ನೂ ಗಟ್ಟಿಯಾಗಿರುವುದಿಲ್ಲ.

ಒಂಬತ್ತು ತಿಂಗಳು ತುಂಬಿದ ಮೇಲೆ ಒಂಟಿಕಾಲಿನ ಜಿಗಿತದ ಪರೀಕ್ಷೆ. ಪೆಟ್ಟಾದ ಕಾಲು ಇನ್ನೊಂದು ಕಾಲಿನ ಶೇ. 90ರಷ್ಟಾದರೂ ದೂರ ಹಾರಬೇಕು. ನನ್ನದು 84. ಹತ್ತು ದಿನದಲ್ಲಿ ಟೂರ್ನಿ ಇತ್ತು. ಕೋಚ್ ಏನೂ ಹೇಳದೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು 84 ಅಂತ ಬರೆದು, ಪಕ್ಕದಲ್ಲೊಂದು ಕೆಂಪು ಚುಕ್ಕೆ ಇಟ್ಟೆ.